ಬಟ್ಟೆಯ ಮೇಲೆ ಉಳಿದದ್ದು

ನಮ್ಮ ಸೋದರಮಾವ ಮರಿಸಿದ್ದಯ್ಯನವರ ಬಾಯಿಂದ ಮೊದಲು ಕೇಳಿದ ಕತೆ ಇದು.

“ಬುದ್ಧೀ, ಜರಡಿ ಹಿಡಿಯುವುದೆಂದರೆ ಬೇಡದ್ದನ್ನು ಎಸೆಯುವುದು ತಾನೇ?” ಎಂದು ನಂಜಯ್ಯನೆಂಬ ಶಿಷ್ಯ ಗುರುಗಳನ್ನು ಕೇಳಿದ.

ಜೊತೆಯವರೆಲ್ಲ ಮಂತ್ರಪಾಠ ಮುಗಿಸಿ ಮುಂದಕ್ಕೆ ಹೋಗಿದ್ದರು. ಅವನ ನಾಲಿಗೆಗೆ ಮಾತ್ರ ಅದು ಹತ್ತಿರಲಿಲ್ಲ. “ಗುರುಗಳು ಜರಡಿ ಹಿಡಿದರಪ್ಪಾ, ನೀನು ಮೇಲೆ ಉಳಿದ ಹೊಟ್ಟು. ಊರಿಗೆ ಹೋಗಿ ಎಮ್ಮೆ ಮೇಯಿಸು” ಎಂದು ಅವರು ನಕ್ಕಿದ್ದರು. ಅದೇ ಸರಿಯೆಂದು ಅವನಿಗೂ ತೋರಿತ್ತು. ಹೊರಡಲು ಅಪ್ಪಣೆ ಬೇಡಲೆಂದೇ ಬಂದಿದ್ದ.

ಗುರುಗಳು ಅವನನ್ನು ಕೂರಿಸಿಕೊಂಡು ಕತೆ ಹೇಳಿದರು.

ಒಬ್ಬ ರೈತನ ಹೆಂಡತಿಗೆ ಕೆಮ್ಮು ಹಿಡಿದಿತ್ತು. ರೈತ ಪಂಡಿತರ ಬಳಿಗೆ ಹೋದ. ಅವರು ಒಂದು ಒಣಬೇರು ಕೊಟ್ಟು, “ಕುಟ್ಟಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದು, ಜೇನಿನಲ್ಲಿ ನೆಕ್ಕಿಸು” ಎಂದರು. ರೈತ ಕುಟ್ಟಿದ. ಬೇಗ ಪುಡಿಯಾದದ್ದು ಬಟ್ಟೆಯಿಂದ ಇಳಿಯಿತು. ಮೇಲೆ ಉಳಿದ ತರಿಯನ್ನು ತಿಪ್ಪೆಗೆ ಕೊಡವಿದ. ಪುಡಿಯೇನೋ ಮುಗಿಯಿತು, ಕೆಮ್ಮು ಹಾಗೇ ಇತ್ತು. ಹೆಂಡತಿ ಗೋಡೆ ಹಿಡಿಯದೆ ಏಳಲಾರದಷ್ಟು ಸೊರಗಿದಳು.

ರೈತ ಸಿಟ್ಟಿನಿಂದ ಬಂದ. “ಪಂಡಿತರೇ, ನೀವು ಕೊಟ್ಟದ್ದು ಬೇರೋ ಸೌದೆಯೋ? ಅವಳು ನನ್ನ ಕೈ ತಪ್ಪಿ ಹೋಗುತ್ತಿದ್ದಾಳೆ!”

“ಬಟ್ಟೆಯ ಮೇಲೆ ಉಳಿದದ್ದನ್ನು ಏನು ಮಾಡಿದೆ?”

“ಏನು ಮಾಡುವುದು, ತಿಪ್ಪೆಗೆ ಹಾಕಿದೆ.”

“ಅಯ್ಯೋ ಪುಣ್ಯಾತ್ಮ! ಮೊದಲು ಪುಡಿಯಾಗುವುದು ಸಿಪ್ಪೆ. ಸತ್ವವಿರುವುದು ನಡುವಿನ ಗಟ್ಟಿಯಲ್ಲಿ. ಅದು ತಡವಾಗಿ ಒಡೆಯುತ್ತದೆ. ಇಳಿಯದ್ದನ್ನು ಮತ್ತೆ ಒರಳಿಗೆ ಹಾಕಬೇಕು, ಬಟ್ಟೆಯ ಮೇಲೆ ಏನೂ ಉಳಿಯದ ತನಕ.”

ಪಂಡಿತರು ಇನ್ನೊಂದು ಬೇರು ಕೊಟ್ಟರು. ರೈತ ಕುಟ್ಟಿದ, ಜರಡಿ ಹಿಡಿದ, ಉಳಿದದ್ದನ್ನು ಮತ್ತೆ ಕುಟ್ಟಿದ. ಅಂಗೈಯಲ್ಲಿ ಬೊಬ್ಬೆ ಎದ್ದರೂ ಬಿಡಲಿಲ್ಲ. ಕಡೆಗೆ ಬೇರು ಪೂರ್ತಿ ಇಳಿಯಿತು. ಆ ಪುಡಿಯಿಂದ ಹೆಂಡತಿ ದಿನದಿನಕ್ಕೆ ಚೇತರಿಸಿಕೊಂಡಳು. ಒಂದು ಬೆಳಿಗ್ಗೆ ತಾನೇ ಒಲೆಯ ಹತ್ತಿರ ಬಂದು, “ಏಳಿ ಆಚೆ! ಕೆಮ್ಮಿಗಲ್ಲ, ನೀವು ತಿರುವಿದ ಮುದ್ದೆ ತಿಂದೇ ಸಾಯುತ್ತಿದ್ದೆ” ಎಂದು ಗಂಡನನ್ನು ಎಬ್ಬಿಸಿದಳು.

ಕತೆ ಮುಗಿಯಿತು. ನಂಜಯ್ಯ ಸಣ್ಣಗೆ ನಕ್ಕ, ಆದರೆ ತಲೆ ಎತ್ತಲಿಲ್ಲ.

“ಹಾಗಾದರೆ ನಾನು ಹೋಗಲೋ, ಇರಲೋ ಬುದ್ಧೀ?”

ಗುರುಗಳೆಂದರು: “ನಾನಿನ್ನೂ ಬಟ್ಟೆ ಕೊಡವಿಯೇ ಇಲ್ಲ, ನೀನಾಗಿಯೇ ತಿಪ್ಪೆಯ ಕಡೆಗೆ ಹೊರಟೆಯಲ್ಲ!”

ನಂಜಯ್ಯ ಅಲ್ಲೇ ನೆಟ್ಟಗೆ ಕೂತು ಮಂತ್ರವನ್ನು ಮತ್ತೆ ಮೊದಲಿನಿಂದ ಶುರುಮಾಡಿದ.

ಸೋತೆನೆಂದು ಹೊರಟವರು ಯಾರಾದರೂ ಎದುರಾದರೆ, ದಯವಿಟ್ಟು ಒಂದು ಗಳಿಗೆ ಕೂರಿಸಿಕೊಂಡು ಈ ಕತೆ ಹೇಳಿ.