ಇಳಿಯುತ್ತ ಹೋದ ಕಮಾನು

"ಗುರುಗಳೇ, ತಪ್ಪಾಗಬಾರದೆಂದು ನಿಯಮದ ಮೇಲೆ ನಿಯಮ ಹಾಕಿಕೊಂಡು ಬದುಕಿದ್ದೇನೆ. ಆದರೂ ನೆಮ್ಮದಿಯಿಲ್ಲ, ಬರೀ ದಣಿವು. ಯಾಕೆ?" ಎಂದು ಅಡವಯ್ಯ ಕೇಳಿದ.

ಮಠಕ್ಕೆ ಬಂದಾಗ ಗುರುಗಳು ಅವನಿಗೆ ಕೊಟ್ಟದ್ದು ಕೆಲವೇ ನಿಯಮ. ಮಿಕ್ಕದ್ದೆಲ್ಲ ಅವನೇ ಸೇರಿಸಿಕೊಂಡದ್ದು. ರಾತ್ರಿಯ ಊಟ ಬಿಟ್ಟ, ಮಾತು ಕಡಿಮೆ ಮಾಡಿದ, ಕೊನೆಗೆ ಮಠದ ಹೊಸ್ತಿಲು ದಾಟುವುದಿಲ್ಲವೆಂದೂ ಸಂಕಲ್ಪ ಮಾಡಿದ. ಈಗ ಅವನನ್ನು ಸಾಕಿ ಬೆಳೆಸಿದ ಅಕ್ಕ ಹಾಸಿಗೆ ಹಿಡಿದಿದ್ದಳು. ಒಮ್ಮೆ ಬಂದು ಹೋಗು ಎಂದು ಹೇಳಿಕಳಿಸಿದ್ದಳು. ಅವನು ಹೋಗಿರಲಿಲ್ಲ. ಅಂದಿನಿಂದ ಕಣ್ಣಿಗೆ ನಿದ್ದೆಯೂ ಹತ್ತಿರಲಿಲ್ಲ.

ಗುರುಗಳಿಗೂ ವಯಸ್ಸಾಗಿತ್ತು, ಇಂಥ ಪ್ರಶ್ನೆ ಕೇಳಿ ಕೇಳಿ ಸಾಕಾಗಿತ್ತು. ಆದರೂ ಒಂದು ಕತೆ ಹೇಳಿದರು.

ಎರಡು ಊರುಗಳ ನಡುವೆ ಒಂದು ಗುಡ್ಡ. ಗುಡ್ಡದೊಳಗೆ ಸುರಂಗ, ಅದರಲ್ಲಿ ರೈಲು ಹಳಿ. ಈಚೆ ಊರಿನ ಸ್ಟೇಷನ್ನಿನಲ್ಲಿ ಹಳಿಯ ಮೇಲೆ ಒಂದು ಕಬ್ಬಿಣದ ಕಮಾನು ನಿಲ್ಲಿಸಿದ್ದರು. ಅದರ ಎತ್ತರ ಸುರಂಗದ ಅಳತೆಗೆ ತಕ್ಕಂತೆ ಇತ್ತು. ಸರಕು ಹೇರಿದ ಗೂಡ್ಸ್ ಗಾಡಿ ಮೊದಲು ಕಮಾನಿನಡಿ ಹಾಯಬೇಕು. ತಾಗದಿದ್ದರೆ ಸುರಂಗದ ದಾರಿ. ತಾಗಿದರೆ ಗುಡ್ಡ ಸುತ್ತಿಕೊಂಡು ಹೋಗುವ ದೂರದ ದಾರಿ.

ಅಲ್ಲಿಗೆ ಬಂದ ಒಬ್ಬ ಸ್ಟೇಷನ್ ಮಾಸ್ತರನಿಗೆ ಅಂಜಿಕೆ ಹೆಚ್ಚು. ತನ್ನ ಕಾಲದಲ್ಲಿ ಏನೂ ಆಗದಿರಲಿ ಎಂದು ಕಮಾನನ್ನು ಒಂದು ಬೆರಳಿನಷ್ಟು ಇಳಿಸಿದ. ಅವನ ನಂತರ ಬಂದವನೂ ಹಾಗೇ ಯೋಚಿಸಿ ಇನ್ನೊಂದು ಬೆರಳು ಇಳಿಸಿದ. ಬರಬರುತ್ತ ಅದೇ ಪದ್ಧತಿಯಾಯಿತು. ಅಧಿಕಾರ ವಹಿಸಿಕೊಂಡ ದಿನ ಹಾರ ಹಾಕಿಸಿಕೊಳ್ಳುವುದು, ಕಮಾನು ಇಳಿಸುವುದು. ಯಾರ ಮೇಲೂ ಮಾತು ಬರಲಿಲ್ಲ. ಗಾಡಿಗಳು ಮಾತ್ರ ಒಂದೊಂದಾಗಿ ಸುತ್ತುದಾರಿ ಹಿಡಿದವು.

ಒಂದು ದಿನ ಹತ್ತಿಯ ಗಾಡಿ ಹೊರಡಿಸಬೇಕಿದ್ದ ಡ್ರೈವರನಿಗೆ ಆಚೆ ಊರಿನಿಂದ ಸುದ್ದಿ ಬಂತು. ಅವನ ತಾಯಿಗೆ ಮೇಲುಸಿರು ಹತ್ತಿದೆ, ಮಗನನ್ನೇ ಕೇಳುತ್ತಿದ್ದಾಳೆ ಎಂದರು. ಹತ್ತಿಯ ಅಂಚು ಕಮಾನಿಗೆ ತಾಗುತ್ತಿತ್ತು.

"ಸುರಂಗದಲ್ಲೇ ಬಿಡಿ ಸ್ವಾಮಿ, ಸುತ್ತಿಕೊಂಡು ಹೋದ್ರೆ ನಮ್ಮವ್ವ ಸಿಗೋದಿಲ್ಲ" ಎಂದು ಅವನು ಬೇಡಿಕೊಂಡ.

"ನಿನ್ನ ಜೀವಕ್ಕೇ ಹೇಳ್ತಿರೋದಪ್ಪ. ಅಳತೆ ಅಂದ್ರೆ ಅಳತೆ" ಎಂದ ಮಾಸ್ತರ.

ಅವನು ಕಟುಕನಲ್ಲ, ಹಾಗೆನ್ನುವಾಗ ಅವನಿಗೂ ಸಂಕಟವಾಯಿತು. ಡ್ರೈವರ್ ಗುಡ್ಡ ಸುತ್ತಿಕೊಂಡು ಹೋದ. ಅವನು ಮುಟ್ಟುವಷ್ಟರಲ್ಲಿ ಜನ ಮಣ್ಣು ಮಾಡಿ ಮನೆಗೆ ಮರಳಿದ್ದರು.

ತಾಯಿಯ ದಿನಕರ್ಮ ಮುಗಿದ ಮೇಲೆ ಡ್ರೈವರ್ ಕಮಾನಿನ ಎತ್ತರಕ್ಕೆ ಒಂದು ಬಿದಿರಿನ ಗಳ ಕತ್ತರಿಸಿ, ಅದನ್ನು ನೆಟ್ಟಗೆ ಹಿಡಿದು ಸುರಂಗದ ಉದ್ದಕ್ಕೂ ನಡೆದ. ಗಳದ ತುದಿ ಎಲ್ಲಿಯೂ ತಾಗಲಿಲ್ಲ. ಅದರ ಮೇಲೆ ಇನ್ನೊಬ್ಬ ಮನುಷ್ಯ ಕೂರುವಷ್ಟು ಜಾಗವಿತ್ತು. ಗಾಡಿ ಓಡದೆ ಹಳಿ ತುಕ್ಕು ಹಿಡಿದಿತ್ತು. ಅವನಿಗೆ ಸಿಟ್ಟು ಕೂಡ ಬರಲಿಲ್ಲ. ಸೋತು ಆ ಹಳಿಯ ಮೇಲೆಯೇ ಕೂತುಬಿಟ್ಟ.

ಗುರುಗಳು ಕತೆ ಮುಗಿಸಿದರು. ಆದರೂ ಮಾಸ್ತರರೆಲ್ಲ ಒಳ್ಳೆಯದನ್ನೇ ಬಯಸಿದ್ದರಲ್ಲವೇ ಎಂದು ಅಡವಯ್ಯ ಮೆಲ್ಲಗೆ ಕೇಳಿದ.

"ಹೌದಪ್ಪ. ಆ ಡ್ರೈವರನಿಗಂತೂ ತಡವಾಯಿತು. ನಿನ್ನ ಅಕ್ಕನ ಊರಿಗೆ ಇನ್ನೂ ಒಂದು ಬಸ್ಸಿದೆ."