ಸದ್ಯದ ಬಯಲು

ಸೊಗಲಹಾಳಿನ ಬಸ್ ನಿಲ್ದಾಣದಲ್ಲಿ ಇಳಿದು ಪಂಚಾಯ್ತಿ ಕಚೇರಿಯ ಹಿಂಬದಿಗೆ ಬಂದರೆ ಹೆಚ್ಚುಕಡಿಮೆ ಎರಡು ಎಕರೆಯ ಒಂದು ಬೋಳು ಜಾಗ ಕಾಣುತ್ತದೆ. ನೆಲ ಎಷ್ಟು ತುಳಿಸಿಕೊಂಡಿದೆಯೆಂದರೆ ಮಳೆಗಾಲದಲ್ಲೂ ಅಲ್ಲಿ ಗರಿಕೆ ಏಳುವುದಿಲ್ಲ. ಸಂಜೆ ಶಾಲೆ ಬಿಟ್ಟ ಮೇಲೆ ಊರಿನ ಮಕ್ಕಳೆಲ್ಲ ಅಲ್ಲೇ. ಒಂದು ಕಡೆ ಲಗೋರಿ, ಇನ್ನೊಂದು ಕಡೆ ಕ್ರಿಕೆಟ್ಟು, ನಡುವೆ ಜಗಳ. ರಸ್ತೆ ಬದಿಯ ಇಂಥ ಜಾಗಕ್ಕೆ ಇವತ್ತು ಏನು ಬೆಲೆ ಎಂಬುದನ್ನು ವ್ಯಾಪಾರ ಗೊತ್ತಿದ್ದವನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಇದನ್ನು ಯಾರೂ ಮುಟ್ಟಿಲ್ಲ. ಊರವರು ಇದನ್ನು ಸದ್ಯದ ಬಯಲು ಎನ್ನುತ್ತಾರೆ. ಸದ್ಯ ಎಂದರೆ ಎಷ್ಟು ದಿನಕ್ಕೆ ಎಂದು ಹೊಸಬರು ನಗುತ್ತಾರೆ, ಹಿರಿಯರು ನಗುವುದಿಲ್ಲ. ಮುನ್ನೂರು ವರ್ಷವಾಯಿತು ಎನ್ನುತ್ತಾರೆ ಒಬ್ಬರು, ನಾನೂರು ಎನ್ನುತ್ತಾರೆ ಇನ್ನೊಬ್ಬರು. ಕಾಲ ಯಾವುದೇ ಇರಲಿ, ನಡೆದದ್ದರ ಬಗ್ಗೆ ಮಾತ್ರ ಇಬ್ಬರದೂ ಒಂದೇ ಮಾತು.

ಹಿಂದೆ ಒಮ್ಮೆ, ಗಾಡಿದಾರಿಗಳು ಇನ್ನೂ ಆಗದೆ ಸರಕೆಲ್ಲ ಎತ್ತಿನ ಬೆನ್ನ ಮೇಲೆ ಸಾಗುತ್ತಿದ್ದಾಗ, ಈ ಬಯಲು ಬಾಚಿಶೆಟ್ಟಿ ಎಂಬ ವರ್ತಕನದಾಗಿತ್ತಂತೆ. ಘಟ್ಟದ ಕೆಳಗಿನಿಂದ ಉಪ್ಪು, ಕೊಬ್ಬರಿ ಹೊತ್ತು ಬಂದ ಎತ್ತುಗಳು ವರ್ಷಕ್ಕೆರಡು ಸಲ ಇಲ್ಲಿ ಹೇರು ಇಳಿಸಿ, ಹತ್ತಿ ಬೆಲ್ಲ ಹೇರಿಕೊಂಡು ಹಿಂದಿರುಗುತ್ತಿದ್ದವು. ಬಯಲಿನ ಅಂಚಿಗೇ ಶೆಟ್ಟಿಯ ಅಂಗಡಿ. ಸರಕು ಇಳಿಯುವ ಜಾಗ ಕೈಬಿಟ್ಟರೆ ತಕ್ಕಡಿಯಲ್ಲಿ ನೊಣ ತೂಗಬೇಕಾಗುತ್ತದೆ ಎಂಬುದು ಅವನಪ್ಪ ಹೇಳಿಕೊಟ್ಟ ಮೊದಲ ಪಾಠ. ಅದೇ ಬಯಲಿನಲ್ಲಿ ಊರ ಮಕ್ಕಳೂ ಆಡುತ್ತಿದ್ದವು. ಬೇರೆಲ್ಲಿ ಆಡಬೇಕು? ಓಣಿಗಳು ಎದುರಾದ ಎರಡು ಎತ್ತು ದಾಟಲಾಗದಷ್ಟು ಇಕ್ಕಟ್ಟು. ಊರಾಚೆ ಕಾಲಿಟ್ಟರೆ ಯಾರದೋ ಬಿತ್ತಿದ ಹೊಲ. ಶೆಟ್ಟಿ ಬೈಯುವನು, ಮಕ್ಕಳು ಓಡುವವು, ಅವನು ಒಳಗೆ ಹೋದ ಮೇಲೆ ಮತ್ತೆ ಬರುವವು. ಹೀಗಿರಲು ಒಂದು ಕಾರ್ತಿಕದಲ್ಲಿ ಎಪ್ಪತ್ತು ಎತ್ತುಗಳ ಸಾಲು ಬಂದಿಳಿಯುವಾಗ ಒಂದು ಎತ್ತು ಬೆದರಿ, ಉಪ್ಪಿನ ಹೇರು ಜಾರಿ, ಕುಂಬಾರ ಮಾಳವ್ವನ ಮಗಳು ಹೊನ್ನಿಯ ಕಾಲ ಮೇಲೆ ಬಿತ್ತು. ಹುಡುಗಿ ಬದುಕಿದಳು, ಕಾಲು ನೆಟ್ಟಗಾಗಲಿಲ್ಲ. ಹೇರಿನವರ ಮುಖಂಡ ದುಗ್ಗಪ್ಪ ಅಂಗಡಿಯ ಜಗಲಿಗೂ ಹತ್ತದೆ ಕೆಳಗೇ ನಿಂತು, "ಶೆಟ್ಟರೇ, ಕೂಸುಗಳನ್ನ ತುಳಿಸಿದ ಪಾಪ ನಮಗೆ ಬೇಡ. ನಾವು ಮತ್ತೆ ಬರೋದರೊಳಗೆ ಇವನ್ನ ಇಲ್ಲಿಂದ ಎಬ್ಬಿಸಿ. ಆಗದಿದ್ದರೆ ಹೇಳಿಬಿಡಿ, ಹಳ್ಳದಾಚೆ ಇಳಿಸಿಕೊಳ್ತೀವಿ" ಎಂದ.

ಬಾಚಿಶೆಟ್ಟಿ ಊರ ಕಟ್ಟೆಗೆ ಹೋದ. ಮಕ್ಕಳ ಮೇಲಿನ ದಯೆಯಿಂದಲ್ಲ, ಬಯಲು ಉಳಿಸಿಕೊಳ್ಳುವುದಕ್ಕೆ ಎಂಬುದನ್ನು ಹಿರಿಯರು ಮುಚ್ಚಿಡುವುದಿಲ್ಲ. ಮಕ್ಕಳಿಗೆಂದೇ ಒಂದು ಜಾಗ ಗೊತ್ತುಮಾಡಿದರೆ ತನ್ನ ಬಯಲು ತನಗೆ ಉಳಿಯುತ್ತದೆ, ಇದು ಅವನ ಎಣಿಕೆ. ನೆಲದ ತೀರ್ಮಾನಕ್ಕೆ ಆ ಊರಿನಲ್ಲಿ ಮಣ್ಣು ಇಡುವ ಪದ್ಧತಿಯಿತ್ತು. ಯಾವ ಜಾಗದ ಮಾತೋ ಆ ಜಾಗದ ಒಂದು ಬೊಗಸೆ ಮಣ್ಣನ್ನು ತಂದು ಕಟ್ಟೆಯ ಮೇಲೆ ಮುತ್ತುಗದ ಎಲೆಯಲ್ಲಿಡಬೇಕು. ಹೊತ್ತು ಮುಳುಗುವತನಕ ಅದು ಹಾಗೇ ಇದ್ದರೆ ಊರು ಒಪ್ಪಿದಂತೆ. ಒಪ್ಪದವರು ಕಾರಣ ಹೇಳಬೇಕಾಗಿಲ್ಲ; ಒಂದು ಚಿಟಿಕೆ ಮಣ್ಣು ತೆಗೆದು ಕಟ್ಟೆಯ ಕೆಳಗೆ ಹಾಕಿದರೆ ಮಾತು ಮುಗಿಯಿತು. ಗೌಡನ ಚಿಟಿಕೆಗೂ ಗಾಣಿಗರ ಮುದುಕಿಯ ಚಿಟಿಕೆಗೂ ಒಂದೇ ತೂಕ. ಹಾಗೆ ಒಮ್ಮೆ ಬಿದ್ದುಹೋದ ಬೇಡಿಕೆಯನ್ನು ಮತ್ತೆ ಕಟ್ಟೆಗೆ ತರುವಂತಿರಲಿಲ್ಲ.

ಶೆಟ್ಟಿ ಮೊದಲು ಕೆರೆ ಹಿಂದಿನ ಗೋಮಾಳದ ಮಣ್ಣು ಇಟ್ಟ. ದನಗಾರರು ಎದ್ದು ಬಂದು ಚಿಟಿಕೆ ತೆಗೆದರು. ಆಮೇಲೆ ಮಾರಿಗುಡಿಯ ಬೆನ್ನಿಗಿದ್ದ ಜಾಗ. ಮಕ್ಕಳ ಗದ್ದಲಕ್ಕೆ ತಾಯಿಗೆ ನಿದ್ದೆ ಬರುವುದಿಲ್ಲ ಎಂದ ಪೂಜಾರಿ. "ಅವಳು ಎಚ್ಚರವಾಗಿರಲಿ ಅಂತಲ್ಲವೇನಪ್ಪ ನಾವು ಕೋಣ ಕೊಡೋದು?" ಎಂದು ಶೆಟ್ಟಿ ಕೇಳಿದರೆ ಕಟ್ಟೆಯೆಲ್ಲ ನಕ್ಕಿತು, ಪೂಜಾರಿಯೂ ನಗುತ್ತಲೇ ಚಿಟಿಕೆ ತೆಗೆದ. ಮೂರನೆಯದು ಊರಗೌಡ ಕೆಂಚನಗೌಡನ ಕಣದ ಪಕ್ಕದ ಬೀಳು. "ಮಕ್ಕಳಿಗೆ ಜಾಗ ಬೇಕು ಅನ್ನೋದರಲ್ಲಿ ಎರಡು ಮಾತಿಲ್ಲ ಶೆಟ್ಟರೇ. ಆದರೆ ಈ ಜಾಗ ಅಲ್ಲ ನೋಡಿ" ಎಂದ ಗೌಡ. ಎಲ್ಲರೂ ಎಲ್ಲ ಜಾಗಕ್ಕೂ ಅದನ್ನೇ ಹೇಳಿದರು. ಬೆಲೆ ಹೆಚ್ಚಾಯಿತು ಎನ್ನುವ ಗಿರಾಕಿಗೆ ಇಳಿಸಿ ಕೊಡಬಹುದು, ಸರಕು ಸರಿಯಿಲ್ಲ ಎನ್ನುವವನಿಗೆ ಬೇರೆ ತೋರಿಸಬಹುದು. ಸರಕೂ ಚೆನ್ನ, ಬೆಲೆಯೂ ಸರಿ, ಇವತ್ತು ಮಾತ್ರ ಬೇಡ ಎನ್ನುವವನಿಗೆ ಏನು ಮಾರುವುದು? ನಾಲ್ಕು ತಿಂಗಳಲ್ಲಿ ಏಳು ಜಾಗದ ಮಣ್ಣು ಹೊತ್ತು ಶೆಟ್ಟಿಗೆ ಸಾಕುಸಾಕಾಯಿತು. ಮಾಘ ಕಳೆದು, ದುಗ್ಗಪ್ಪನ ಎತ್ತುಗಳು ಘಟ್ಟ ಹತ್ತಿದವೆಂಬ ಸುದ್ದಿ ಬಂತು.

ಅವತ್ತು ಕಟ್ಟೆಯಲ್ಲಿ ನಿಂತು ಶೆಟ್ಟಿ ಹೇಳಿದ್ದು ಇಷ್ಟೇ: "ಸದ್ಯಕ್ಕೆ ಮಕ್ಕಳು ನನ್ನ ಬಯಲಲ್ಲೇ ಆಡಿಕೊಂಡಿರಲಿ. ಈ ಸಲದ ಹೇರು ಹಳ್ಳದಾಚೆ ಇಳಿಸಿಕೊಳ್ತೀನಿ. ಅಷ್ಟರಲ್ಲಿ ನೀವೊಂದು ಜಾಗ ನೋಡಿ." ಸದ್ಯಕ್ಕೆ ಎಂದದ್ದಕ್ಕೆ ಮಣ್ಣು ಇಡಬೇಕಾಗಿರಲಿಲ್ಲ, ಚಿಟಿಕೆ ತೆಗೆಯುವವರೂ ಇರಲಿಲ್ಲ. ನಾಲ್ಕು ತಿಂಗಳಲ್ಲಿ ಆಗದ ಕೆಲಸ ಒಂದು ಮಾತಿಗೆ ಆಗಿಹೋಯಿತು. ಎಂಥ ಜಾಣ ವರ್ತಕನೂ ದಣಿದಾಗ ಒಂದು ಕೆಟ್ಟ ವ್ಯಾಪಾರ ಮಾಡುತ್ತಾನೆ. ಮುಂದಿನ ಅಮಾವಾಸ್ಯೆ ಜಾಗದ ಮಾತಿಗೆಂದು ಕಟ್ಟೆಗೆ ಬಂದವನು ಶೆಟ್ಟಿಯೊಬ್ಬನೇ. ಮನೆಗೇ ಹೋಗಿ ವಿಚಾರಿಸಿದರೆ ಗೌಡ ಎಲೆಗೆ ಸುಣ್ಣ ಹಚ್ಚುತ್ತ, "ಈಗೇನು ಅವಸರ ಶೆಟ್ಟರೇ? ಮಕ್ಕಳು ಆಡ್ತಾ ಇದಾವಲ್ಲ" ಎಂದ.

ಎರಡು ವರ್ಷ ಹೀಗೇ ಹೋಯಿತು. ಹಳ್ಳದಾಚೆ ನೀರು ಹತ್ತಿರ, ಮೇವು ಹುಲುಸು. ಹೇರಿನವರಿಗೆ ಆ ಜಾಗ ಒಗ್ಗಿಹೋಯಿತು. ಎಲ್ಲಿಂದಲೋ ಬಂದ ಇಬ್ಬರು ಅಲ್ಲಿ ಚಪ್ಪರ ಹಾಕಿ ತಕ್ಕಡಿ ತೂಗುಹಾಕಿದರು. ಇನ್ನೊಂದು ಸುಗ್ಗಿ ಕಳೆದರೆ ತನ್ನ ಅಂಗಡಿಗೆ ಬೀಗವೇ ಎಂಬುದು ಶೆಟ್ಟಿಗೆ ಅರ್ಥವಾಯಿತು. ಬಯಲು ವಾಪಸು ಬೇಕು. ಆದರೆ ಎರಡು ಮಳೆಗಾಲ ಊರು ಬಳಸಿದ ನೆಲವನ್ನು ಬಿಡಿಸಿಕೊಳ್ಳಲು ಒಡೆಯನೂ ಮಣ್ಣು ಇಡಬೇಕೆಂಬುದು ಕಟ್ಟೆಯ ಕಟ್ಟಳೆ. ಶೆಟ್ಟಿ ತನ್ನದೇ ಬಯಲಿನ ಒಂದು ಬೊಗಸೆ ಮಣ್ಣನ್ನು ತಂದು ಎಲೆಯ ಮೇಲಿಟ್ಟು ಕುಳಿತ. ಹಿಂದೆ ಚಿಟಿಕೆ ತೆಗೆದವರಲ್ಲಿ ಈಗ ಯಾರು ಏಳುತ್ತಾರೆ, ಯಾರಿಗೆ ಏನು ಹೇಳಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೇ ಬಂದಿದ್ದ.

ಯಾರೂ ಏಳಲಿಲ್ಲ. ದನಗಾರರು ಜೋಳದ ಮಾತಾಡಿದರು. ಪೂಜಾರಿ ಕಂಬಕ್ಕೊರಗಿ ತೂಕಡಿಸಿದ. ಬಿಸಿಲು ಕಟ್ಟೆಯಿಂದ ಇಳಿದು ಅಂಗಳಕ್ಕೆ ಬಂತು, ಅಂಗಳದಿಂದ ಗೋಡೆ ಹತ್ತಿತು. ಕಟ್ಟೆಯ ಕೊನೆಯಲ್ಲಿ ಮಾಳವ್ವ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದಳು. ಶೆಟ್ಟಿಯೇ ಬಾಯಿಬಿಟ್ಟು ಕೇಳಿದ: "ಏನವ್ವ, ನೀನಾದರೂ ತೆಗೀತೀಯೋ?"

"ನಾನು ಯಾವ ಬಾಯಲ್ಲಿ ತೆಗೀಲಿ ಶೆಟ್ಟರೇ? ಜಾಗ ನಿಮ್ಮದು. ಎರಡು ವರ್ಷ ಬಿಟ್ಟುಕೊಟ್ಟಿರಿ, ಅದೇ ಹೆಚ್ಚು" ಎಂದಳು ಅವಳು. "ಉಳಿದ ಮಕ್ಕಳು ಹೆಂಗೋ ಓಡಿ ತಪ್ಪಿಸಿಕೊಳ್ತಾವೆ. ಇವಳನ್ನ ನಾನು ಒಳಗೇ ಕೂಡಿಹಾಕ್ತೀನಿ ಬಿಡ್ರಿ."

"ಆಯ್ತಲ್ಲ ಶೆಟ್ಟರೇ, ಹೊತ್ತು ಮುಳುಗಿದ ಹಾಗೇ. ಊರು ಒಪ್ಪಿತು" ಎನ್ನುತ್ತ ಗೌಡ ಮೇಲೇಳಲು ಕೈಯೂರಿದ. ಶೆಟ್ಟಿ ಸುತ್ತ ನೋಡಿದ. ಮಕ್ಕಳಿಗೆ ಜಾಗ ಕೊಡುವುದು ಬೇಡವೆಂದು ಏಳು ಸಲ ಎದ್ದುಬಂದ ಕೈಗಳಲ್ಲಿ, ಮಕ್ಕಳನ್ನು ಎಬ್ಬಿಸುವುದು ಬೇಡವೆನ್ನಲು ಒಂದೂ ಏಳಲಿಲ್ಲ. ಆ ಏಳು ಚಿಟಿಕೆಗಿಂತ ಈ ಸುಮ್ಮನಿರುವಿಕೆ ಅವನನ್ನು ಹೆಚ್ಚು ದಣಿಸಿತು ಎನ್ನುತ್ತಾರೆ. ಕೈಚಾಚಿ ಎಲೆಯಿಂದ ಒಂದು ಚಿಟಿಕೆ ತೆಗೆದು ಕಟ್ಟೆಯ ಕೆಳಗೆ ಹಾಕಿದ.

ಗೌಡ ಅರ್ಧ ಎದ್ದವನು ಹಾಗೇ ನಿಂತ. "ಇದೇನ್ರೀ ಶೆಟ್ಟರೇ! ನಿಮ್ಮ ಜಾಗ, ನೀವು ಇಟ್ಟ ಮಣ್ಣು, ತಕರಾರೂ ನಿಮ್ಮದೇ? ಇನ್ನು ಮತ್ತೆ ಕೇಳೋ ಹಾಗಿಲ್ಲ, ಗೊತ್ತಲ್ಲ?"

"ಇಷ್ಟು ದೊಡ್ಡ ಊರಲ್ಲಿ ಒಬ್ಬರದಾದರೂ ಇರಲಿ ಅಂತ" ಎಂದ ಶೆಟ್ಟಿ, ಕೈ ಒರೆಸಿಕೊಂಡು. "ಸದ್ಯಕ್ಕೆ ಅಂದಿದ್ದೆ. ನೀವು ಜಾಗ ಹುಡುಕೋತನಕ ಹಂಗೇ ನಡೀಲಿ."

ಇದರಿಂದ ಅವನನ್ನು ದೊಡ್ಡ ದಾನಿಯೆಂದು ಯಾರೂ ಹೊಗಳಿದ್ದಿಲ್ಲ, ಅವನು ಹೊಗಳಿಸಿಕೊಳ್ಳುವ ಪೈಕಿಯೂ ಅಲ್ಲ. ತಿಂಗಳೊಳಗೆ ಅಂಗಡಿಯ ಬಾಗಿಲು, ತೊಲೆ, ಹಲಗೆ ಕಿತ್ತು ಹಳ್ಳದಾಚೆ ಸಾಗಿಸಿ, ಬೇರೆಯವರ ಎರಡು ಚಪ್ಪರಗಳ ಪಕ್ಕದಲ್ಲಿ ಮೂರನೆಯವನಾಗಿ, ನಲವತ್ತೆಂಟನೆಯ ವಯಸ್ಸಿನಲ್ಲಿ ಮೊದಲಿಂದ ಶುರುಮಾಡಿದ. ಸರಕು ಇಳಿಯುವ ಕಡೆ ಅಂಗಡಿ ಇರಬೇಕು, ಅಷ್ಟೆ. ಊರಿಗೆ ಬಂದಾಗೆಲ್ಲ ಬಯಲು ದಾಟುವಾಗ ಮಕ್ಕಳನ್ನು ಬೈದೇ ಹೋಗುತ್ತಿದ್ದನಂತೆ. ಹೊನ್ನಿ ಮಾತ್ರ ಬಯಲಿನ ಅಂಚಿನಲ್ಲಿ ಕುಳಿತು, ಯಾರು ಸೋತರು, ಯಾರು ಮೋಸ ಮಾಡಿದರು ಎಂದು ನ್ಯಾಯ ಹೇಳುತ್ತ ಬೆಳೆದಳು ಎನ್ನುತ್ತಾರೆ. ಊರು ಇನ್ನೊಂದು ಜಾಗ ಹುಡುಕಲೇ ಇಲ್ಲ.

ಇಂದು ಬಂದವರು ನೋಡಬಹುದು, ಬಯಲಿಗೆ ಗೋಡೆಯಿಲ್ಲ, ಗೇಟಿಲ್ಲ, ಹೆಸರಿನ ಫಲಕವೂ ಇಲ್ಲ. ಬೇಲಿ ಹಾಕಿದರೆ ಕಾಯಮ್ಮು ಮಾಡಿದಂತಾಗುತ್ತದೆ, ಕಾಯಮ್ಮು ಮಾಡಬೇಕಾದರೆ ಎಲ್ಲರೂ ಒಪ್ಪಬೇಕು. ಆ ಉಸಾಬರಿಗೆ ಯಾವ ಪಂಚಾಯ್ತಿಯೂ ಕೈಹಾಕಿಲ್ಲ. ಸಂಜೆ ಐದರ ಹೊತ್ತಿಗೆ ನಿಂತು ನೋಡಿದರೆ ಹಳ್ಳದ ಸೇತುವೆಯ ಮೇಲಿಂದಲೂ ಮಕ್ಕಳು ಸಾಲಾಗಿ ಬರುವುದು ಕಾಣುತ್ತದೆ. ಅವು ಆಚೆ ದಡದ ಶೆಟ್ಟಿಪೇಟೆಯವು. ಅಂದಿನ ಮೂರು ಚಪ್ಪರ ಬೆಳೆದು ಈಗ ಪುರಸಭೆಯಿರುವ ಊರಾಗಿದೆ. ಸಾಲುಸಾಲು ಮಳಿಗೆ, ಗೋದಾಮು, ಕಾಲಿಡಲು ಜಾಗವಿಲ್ಲ. ಅಲ್ಲಿಯೂ ಮಕ್ಕಳಿಗೊಂದು ಮೈದಾನ ಆಗಲೇಬೇಕೆಂದು ಎಲ್ಲರೂ ಒಪ್ಪಿದ್ದಾರಂತೆ. ಜಾಗ ನೋಡುತ್ತಿದ್ದಾರೆ.