ಎರಡು ಪೆಟ್ಟಿಗೆ, ಒಂದು ಮೇಜು

“ಬುದ್ಧಿ, ಶಾಂತಯ್ಯನಿಗೂ ನನಗೂ ತಾವು ಕೊಟ್ಟ ಉಪದೇಶ ಒಂದೇ. ಅವನು ಧ್ಯಾನಕ್ಕೆ ಕೂತ ಗಳಿಗೆಗೇ ತಣ್ಣಗಾಗುತ್ತಾನೆ. ಅವನ ಹಿಂದೆಯೇ ಕೂತು ನೋಡುತ್ತೇನೆ, ಹೆಗಲು ಕೂಡ ಕದಲುವುದಿಲ್ಲ. ನನ್ನ ಮನಸ್ಸು ಮಾತ್ರ ಕುದಿಯುತ್ತಲೇ ಇರುತ್ತದೆ. ಅವನಿಗೆ ಬೇರೆ ಏನಾದರೂ ಗುಟ್ಟು ಹೇಳಿಕೊಟ್ಟಿದ್ದೀರಾ?” ಎಂದು ಶಿಷ್ಯ ಚೆನ್ನವೀರ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಕಂಪ್ಯೂಟರ್ ಜೋಡಿಸುವ ಅಣ್ಣತಮ್ಮಂದಿರಿದ್ದರು, ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು. ಅಂಗಡಿ ಒಂದೇ, ಮೇಜೂ ಒಂದೇ. ತಮ್ಮನ ಕೈಗುಣವನ್ನು ಯಾರಾದರೂ ಹೊಗಳಿದರೆ ಅಣ್ಣನಿಗೆ ಅವತ್ತು ಅನ್ನ ಇಳಿಯುತ್ತಿರಲಿಲ್ಲ. ಒಮ್ಮೆ ಕಾರ್ಟೂನು ಸಿನಿಮಾ ಮಾಡುವವನೊಬ್ಬ ಬಂದು, “ನಮ್ಮ ಕೆಲಸಕ್ಕೆ ಕಂಪ್ಯೂಟರ್ ಕಾದು ನಿಂತೇಹೋಗುತ್ತದೆ. ನೀರಿನಿಂದ ತಣಿಸುವಂಥದ್ದನ್ನು ಇಬ್ಬರೂ ಒಂದೊಂದು ಕಟ್ಟಿ. ಯಾವುದು ಕಡಿಮೆ ಕಾಯುತ್ತದೋ ಅದನ್ನು ಕಟ್ಟಿದವನಿಗೇ ಇನ್ನು ನಮ್ಮ ಕೆಲಸವೆಲ್ಲ” ಎಂದ.

ಇಬ್ಬರೂ ಒಂದೇ ತರದ ಪಂಪು, ಪೈಪು, ರೇಡಿಯೇಟರ್ ತಂದರು. ಒಳಗಿನ ಬಿಸಿಯನ್ನು ನೀರು ಹೊತ್ತು ತಂದು ರೇಡಿಯೇಟರಿಗೆ ಮುಟ್ಟಿಸುತ್ತದೆ, ಫ್ಯಾನು ಅದನ್ನು ಹೊರಗೆ ಊದುತ್ತದೆ, ವಿದ್ಯೆ ಇಷ್ಟೇ. ತಮ್ಮ ತನ್ನ ಕಂಪ್ಯೂಟರ್ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಎತ್ತಿಗೆ ಭಾರ ಹೇರಿದಂತೆ ಕೆಲಸದ ಮೇಲೆ ಕೆಲಸ ಹೇರಿ, ಶಾಖ ಎಷ್ಟೇರುತ್ತದೆಂದು ಪರೀಕ್ಷೆಗೆ ಕೂತ. ಅಣ್ಣ ತನ್ನದನ್ನು ತಂದು ಅದಕ್ಕೆ ಒತ್ತಿಯೇ ಇಟ್ಟ. ತಮ್ಮನ ಪರದೆ ಕಣ್ಣಿಗೆ ಬೀಳುತ್ತಿರಬೇಕಲ್ಲ.

ತಮ್ಮನದು ಸ್ವಲ್ಪ ಏರಿ ಅಲ್ಲೇ ನಿಂತಿತು. ಅಣ್ಣನದು ಏರುತ್ತಲೇ ಹೋಯಿತು. ಅದಕ್ಕಿಂತ ಹೆಚ್ಚು ಅವನ ಹೊಟ್ಟೆ ಉರಿಯಿತು. ಪಂಪು ಬದಲಿಸಿದ, ಪೈಪು ಬದಲಿಸಿದ, ಏನೂ ಫಲವಾಗಲಿಲ್ಲ. ಕಳ್ಳ, ನೀರಿಗೇ ಏನೋ ಬೆರೆಸಿದ್ದಾನೆ ಎಂದುಕೊಂಡು, ತಮ್ಮ ಊಟಕ್ಕೆ ಎದ್ದು ಹೋದಾಗ ಅವನ ನೀರಿಗೆ ಬೆರಳದ್ದಿ ನೆಕ್ಕಿ ನೋಡಿದ. ಬರೀ ನೀರು. ಅದರಿಂದ ಇನ್ನೂ ಸಂಕಟವಾಯಿತು. ಮೋಸವಾದರೂ ಇದ್ದಿದ್ದರೆ ಮನಸ್ಸಿಗೆ ನೆಮ್ಮದಿಯಿರುತ್ತಿತ್ತು.

ಕೊನೆಗೆ ತಮ್ಮನೇ ಹೇಳಿದ: “ಅಣ್ಣಾ, ನನ್ನ ಫ್ಯಾನಿನ ಬಿಸಿಗಾಳಿಯೆಲ್ಲ ನಿನ್ನ ರೇಡಿಯೇಟರಿಗೇ ನುಗ್ತಾ ಇದೆ. ನಿನ್ನ ನೀರು ಎಲ್ಲಿಂದ ತಣ್ಣಗಾಗ್ಬೇಕು? ಆ ಕಿಟಕಿ ಹತ್ರ ಇಟ್ಕೋ.”

“ಅಲ್ಲಿಟ್ರೆ ನಿಂದು ಎಷ್ಟಿದೆ ಅಂತ ನಂಗೆ ಕಾಣೋದು ಹೇಗೆ?” ಎಂದ ಅಣ್ಣ.

ಪೆಟ್ಟಿಗೆ ಕದಲಲಿಲ್ಲ. ಗಿರಾಕಿ ಬಂದು ನಿಂತು ನೋಡುತ್ತಿದ್ದಾಗ, ಅವನ ಕಣ್ಣೆದುರೇ ಅಣ್ಣನ ಕಂಪ್ಯೂಟರ್ ಕಾದು ನಿಂತೇಹೋಯಿತು. ಕೆಲಸವೆಲ್ಲ ತಮ್ಮನ ಪಾಲಾಯಿತು.

ಚೆನ್ನವೀರ ನಕ್ಕುಬಿಟ್ಟ. “ಕಿಟಕಿ ಅಲ್ಲೇ ಇತ್ತಲ್ಲ ಬುದ್ಧಿ. ಎಂಥ ದಡ್ಡ ಅವನು.”

ಗುರುಗಳು ಕೇಳಿದರು: “ನಾಳೆ ಧ್ಯಾನಕ್ಕೆ ನೀನು ಎಲ್ಲಿ ಕೂರುತ್ತೀಯ?”